ಜಾಲಗಳ ಪ್ರಾಂಗಣಕ್ಕೆ ಸ್ವಂತ ವಿಳಾಸ: ಜಿಲ್ಲೆಯ ವರ್ತಕರು ತಿಳಿದಿರಬೇಕಾದ ಸಂಗತಿ

ಬಳ್ಳಾರಿಯ ಗಾಂಧಿನಗರದಲ್ಲಿ ಕಚೇರಿಯಿರುವ ಅಕ್ಕಿ ವರ್ತಕರೊಬ್ಬರು ಸಿರುಗುಪ್ಪದ ತಮ್ಮ ಗಿರಣಿಯ ದಾಸ್ತಾನು ಲೆಕ್ಕವನ್ನು ಗಣಕಯಂತ್ರದಲ್ಲಿ ನೋಡಬಯಸುತ್ತಾರೆ ಎಂದು ಭಾವಿಸೋಣ. ಕಚೇರಿಗೆ ಒಂದು ಕಂಪನಿಯ ಅಂತರಜಾಲ ಸಂಪರ್ಕವಿದೆ, ಗಿರಣಿಗೆ ಮತ್ತೊಂದು ಕಂಪನಿಯದು. ಕಚೇರಿಯಿಂದ ಗಿರಣಿಗೆ ಹೋಗುವ ಲಾರಿ ಜಿಲ್ಲೆಯ ಗಡಿಯನ್ನು ದಾಟುವುದಿಲ್ಲ. ಆದರೆ ಆ ಎರಡು ಕಂಪನಿಗಳ ಜಾಲಗಳು ಪರಸ್ಪರ ಕೂಡುವ ಸ್ಥಳ ಬೆಂಗಳೂರಿನಲ್ಲಿದ್ದರೆ, ದಾಸ್ತಾನಿನ ಲೆಕ್ಕವು ಸುಮಾರು 300 ಕಿ.ಮೀ. ದೂರದ ರಾಜಧಾನಿಗೆ ಹೋಗಿ, ಅಲ್ಲಿ ಕೈ ಬದಲಾಯಿಸಿ, ಮತ್ತೆ ಅಷ್ಟೇ ದೂರ ಹಿಂದಿರುಗಿ ಬರಬೇಕಾಗುತ್ತದೆ. ದಾರಿಯಲ್ಲಿ ಎಲ್ಲಿಯಾದರೂ ರಸ್ತೆ ಅಗೆಯುವವರ ಯಂತ್ರಕ್ಕೆ ಕೇಬಲ್ ಸಿಕ್ಕಿ ತುಂಡಾದರೆ, ಒಂದೇ ಜಿಲ್ಲೆಯ ಕಚೇರಿಗೂ ಗಿರಣಿಗೂ ನಡುವಣ ಮಾತುಕತೆ ನಿಂತುಹೋಗಬಹುದು.

ಈ ಸುತ್ತು ಪ್ರಯಾಣವನ್ನು ತಪ್ಪಿಸುವ ವ್ಯವಸ್ಥೆಗೆ ಅಂತರಜಾಲ ವಿನಿಮಯ ಕೇಂದ್ರವೆಂದು ಹೆಸರು. ಕಟ್ಟಡ, ಯಂತ್ರ, ವಿದ್ಯುತ್ತುಗಳ ಜೊತೆಗೆ ಇಂತಹ ಕೇಂದ್ರಕ್ಕೆ ಕಣ್ಣಿಗೆ ಕಾಣದ ಇನ್ನೊಂದು ಆಸ್ತಿಯೂ ಬೇಕು. ಅದೇ ಅಂತರಜಾಲ ವಿಳಾಸಗಳ ಒಂದು ಸಣ್ಣ ಗುಚ್ಛ. ಈ ವಿಳಾಸಗಳನ್ನು ಯಾರು ಕೊಡುತ್ತಾರೆ, ಯಾವ ಷರತ್ತಿನ ಮೇಲೆ ಕೊಡುತ್ತಾರೆ, ಅವು ಯಾರ ಹೆಸರಿನಲ್ಲಿರಬೇಕು ಎಂಬ ಪ್ರಶ್ನೆಗಳು ಮೇಲ್ನೋಟಕ್ಕೆ ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದವು ಎನಿಸುತ್ತವೆ. ವಾಸ್ತವವಾಗಿ ಇವು ಮಾರುಕಟ್ಟೆಯ ಪ್ರಶ್ನೆಗಳು. ಆದುದರಿಂದ ವರ್ತಕರು ಇವನ್ನು ಅರಿತಿರುವುದು ಸೂಕ್ತ.

ವಿನಿಮಯ ಕೇಂದ್ರ ಎಂದರೇನು?

ಅಂತರಜಾಲವೆಂಬುದು ಒಬ್ಬ ಒಡೆಯನ ಒಂದೇ ಜಾಲವಲ್ಲ. ಸಾವಿರಾರು ಸ್ವತಂತ್ರ ಜಾಲಗಳು ಪರಸ್ಪರ ಒಪ್ಪಂದದಿಂದ ಕೂಡಿಕೊಂಡು ಅದು ಆಗಿದೆ. ಹೀಗೆ ಸ್ವತಂತ್ರವಾಗಿ ವ್ಯವಹರಿಸುವ ಪ್ರತಿಯೊಂದು ಜಾಲಕ್ಕೂ 'ಸ್ವಾಯತ್ತ ವ್ಯವಸ್ಥೆ ಸಂಖ್ಯೆ' ಅಥವಾ ಎ.ಎಸ್. ಸಂಖ್ಯೆ ಎಂಬ ಗುರುತು ಇರುತ್ತದೆ. ವರ್ತಕರಿಗೆ ಜಿ.ಎಸ್.ಟಿ. ನೋಂದಣಿ ಸಂಖ್ಯೆ ಇರುವಂತೆಯೇ ಇದು.

ಎರಡು ಜಾಲಗಳು ಎರಡು ರೀತಿಯಲ್ಲಿ ಕೂಡಬಹುದು. ಮೂರನೆಯ ದೊಡ್ಡ ಜಾಲವೊಂದಕ್ಕೆ ಹಣ ತೆತ್ತು ಅದರ ಮೂಲಕ ಮಾಹಿತಿ ಸಾಗಿಸುವುದು ಮೊದಲನೆಯ ರೀತಿ. ಒಂದು ಸಾಮಾನ್ಯ ಸ್ಥಳಕ್ಕೆ ತಂತಮ್ಮ ತಂತಿಗಳನ್ನು ತಂದು ನೇರವಾಗಿ ಕೊಟ್ಟುಕೊಳ್ಳುವುದು ಎರಡನೆಯದು. ವಿನಿಮಯ ಕೇಂದ್ರವೆಂದರೆ ಈ ಸಾಮಾನ್ಯ ಸ್ಥಳ. ಅಲ್ಲಿ 'ಸ್ವಿಚ್' ಎಂಬ ಯಂತ್ರವಿರುತ್ತದೆ. ಪ್ರತಿ ಸದಸ್ಯ ಕಂಪನಿಯೂ ತನ್ನ 'ರೂಟರ್' ಯಂತ್ರವನ್ನು ಅದಕ್ಕೆ ಜೋಡಿಸುತ್ತದೆ. ತನ್ನ ಬಳಿ ಯಾವ ಯಾವ ವಿಳಾಸಗಳ ಗ್ರಾಹಕರಿದ್ದಾರೆ ಎಂಬುದನ್ನು ಪ್ರತಿ ರೂಟರೂ ಉಳಿದವುಗಳಿಗೆ ತಿಳಿಸುತ್ತದೆ. ಆಮೇಲೆ ಮಾಹಿತಿ ನೇರವಾಗಿ ಸಾಗುತ್ತದೆ.

ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣವನ್ನು ಬಲ್ಲವರಿಗೆ ಇದು ಹೊಸದಲ್ಲ. ಪ್ರಾಂಗಣವು ಸ್ವತಃ ಏನನ್ನೂ ಕೊಳ್ಳುವುದಿಲ್ಲ, ಮಾರುವುದಿಲ್ಲ. ಕೊಳ್ಳುವವರೂ ಮಾರುವವರೂ ಒಂದೆಡೆ ಸೇರಲು ಜಾಗ ಕೊಡುತ್ತದೆ. ಅದರ ಬೆಲೆ ಇರುವುದು ಅದು ಯಾವ ಅಡತಿಯವರ ಸ್ವಂತ ಆಸ್ತಿಯೂ ಅಲ್ಲ ಎಂಬುದರಲ್ಲಿ.

ಭಾರತದ ಅನುಭವ

ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ಆರಂಭಿಸಿತು. 1998ರ ನವೆಂಬರಿನಲ್ಲಿ ಖಾಸಗಿ ಸೇವಾದಾರರಿಗೆ ಅವಕಾಶ ದೊರೆಯಿತು. ಹಲವು ಕಂಪನಿಗಳು ಬಂದವು, ಆದರೆ ಅವುಗಳ ಜಾಲಗಳು ದೇಶದೊಳಗೆ ಕೂಡುವ ಸಾಮಾನ್ಯ ಸ್ಥಳವಿರಲಿಲ್ಲ. ಪರಿಣಾಮವಾಗಿ, ಒಂದೇ ನಗರದ ಇಬ್ಬರು ಗ್ರಾಹಕರ ನಡುವಿನ ಪತ್ರವೂ ಅನೇಕ ವೇಳೆ ಅಮೆರಿಕಕ್ಕೋ ಸಿಂಗಪುರಕ್ಕೋ ಹೋಗಿ ಬರಬೇಕಾಗಿತ್ತು. ಅಂತರರಾಷ್ಟ್ರೀಯ ಸಂಪರ್ಕದ ದುಬಾರಿ ವೆಚ್ಚ ಡಾಲರುಗಳಲ್ಲಿ ಹೊರಗೆ ಹೋಗುತ್ತಿತ್ತು.

ಇದನ್ನು ಸರಿಪಡಿಸಲು 2003ರ ಜೂನ್ 19ರಂದು ಲಾಭದ ಉದ್ದೇಶವಿಲ್ಲದ ಕಂಪನಿಯಾಗಿ ಭಾರತೀಯ ರಾಷ್ಟ್ರೀಯ ಅಂತರಜಾಲ ವಿನಿಮಯ ಕೇಂದ್ರ, ಅಂದರೆ 'ನಿಕ್ಸಿ', ಸ್ಥಾಪನೆಯಾಯಿತು. ನೋಯ್ಡಾ, ಮುಂಬಯಿ, ಚೆನ್ನೈ ಮತ್ತು ಕೋಲ್ಕತ್ತಾಗಳಲ್ಲಿ ಮೊದಲ ಕೇಂದ್ರಗಳು ಆರಂಭವಾದವು. ಬೆಂಗಳೂರು, ಹೈದರಾಬಾದ್, ಅಹಮದಾಬಾದ್ ಮುಂತಾದ ನಗರಗಳು ನಂತರದ ವರ್ಷಗಳಲ್ಲಿ ಸೇರಿದವು. ಜಾಲತಾಣಗಳ ಹೆಸರನ್ನು ವಿಳಾಸವಾಗಿ ಬದಲಾಯಿಸಿಕೊಡುವ ಮೂಲ ಸರ್ವರ್‌ಗಳ ಪ್ರತಿಗಳು 2005ರಲ್ಲಿ ದೆಹಲಿ, ಮುಂಬಯಿ ಮತ್ತು ಚೆನ್ನೈಗಳಿಗೆ ಬಂದದ್ದು ಈ ವಿನಿಮಯ ಕೇಂದ್ರಗಳು ಇದ್ದುದರಿಂದಲೇ. ಸಣ್ಣ ನಗರಗಳ ಸರದಿ ತಡವಾಗಿ ಬಂದಿತು. 2022ರಲ್ಲಿ ಪಶ್ಚಿಮ ಬಂಗಾಳದ ಉಕ್ಕಿನ ನಗರ ದುರ್ಗಾಪುರದಲ್ಲಿಯೂ ಅದರ ನೆರೆಯ ಬರ್ಧಮಾನದಲ್ಲಿಯೂ ಕೇಂದ್ರಗಳು ಆರಂಭವಾದುದು ಉಕ್ಕಿನ ಕಾರ್ಖಾನೆಗಳ ಜಿಲ್ಲೆಯಾದ ಬಳ್ಳಾರಿಯವರು ಗಮನಿಸಬೇಕಾದ ಸಂಗತಿ.

ವಿಳಾಸ ಯಾರ ಹೆಸರಿನಲ್ಲಿರಬೇಕು?

ಸ್ವಿಚ್ಚಿಗೆ ಜೋಡಿಸಿದ ಪ್ರತಿಯೊಂದು ರೂಟರಿಗೂ ಅಲ್ಲಿ ಒಂದು ವಿಳಾಸ ಬೇಕು. ಈ ವಿಳಾಸಗಳೆಲ್ಲ ಒಂದೇ ಗುಚ್ಛಕ್ಕೆ ಸೇರಿರಬೇಕು. ಇಲ್ಲವಾದರೆ ಯಂತ್ರಗಳು ಒಂದನ್ನೊಂದು ನೆರೆಹೊರೆಯೆಂದು ಗುರುತಿಸುವುದಿಲ್ಲ. ಹಾಗಾದರೆ ಆ ಗುಚ್ಛ ಎಲ್ಲಿಂದ ಬರಬೇಕು?

ಸದಸ್ಯರಲ್ಲಿ ದೊಡ್ಡವರೊಬ್ಬರು ತಮ್ಮ ವಿಳಾಸಗಳಲ್ಲಿ ಕೆಲವನ್ನು ಬಿಟ್ಟುಕೊಡುವುದು ಸುಲಭದ ದಾರಿಯಂತೆ ತೋರುತ್ತದೆ. ಆರಂಭದಲ್ಲಿ ಇದರಿಂದ ತೊಂದರೆಯೇನೂ ಕಾಣದು. ಆದರೆ ನಾಳೆ ಅದೇ ಕಂಪನಿ ಕೇಂದ್ರವನ್ನು ಬಿಟ್ಟು ಹೋದರೆ, ಇನ್ನೊಂದು ಕಂಪನಿಗೆ ಮಾರಾಟವಾದರೆ, ಅಥವಾ ಪ್ರತಿಸ್ಪರ್ಧಿಗಳ ಮೇಲೆ ಒತ್ತಡ ಹೇರಬಯಸಿದರೆ ಏನಾಗುತ್ತದೆ? ಉಳಿದ ಸದಸ್ಯರೆಲ್ಲರೂ ತಂತಮ್ಮ ರೂಟರುಗಳ ವಿಳಾಸವನ್ನು ಬದಲಾಯಿಸಬೇಕು, ಪರಸ್ಪರ ಮಾಡಿಕೊಂಡ ಪ್ರತಿಯೊಂದು ಜೋಡಣೆಯನ್ನೂ ಹೊಸದಾಗಿ ಬರೆಯಬೇಕು. ಇಪ್ಪತ್ತು ಸದಸ್ಯರು ಎಲ್ಲರೊಂದಿಗೂ ನೇರವಾಗಿ ವ್ಯವಹರಿಸುತ್ತಿದ್ದರೆ ಅಂತಹ ಜೋಡಣೆಗಳ ಸಂಖ್ಯೆ 190 ಆಗುತ್ತದೆ. ಮಾರುಕಟ್ಟೆಯ ಪ್ರಾಂಗಣವನ್ನು ಒಬ್ಬ ಅಡತಿಯವರ ಖಾಸಗಿ ನಿವೇಶನದಲ್ಲಿ ಕಟ್ಟಿ, ಅವರು ಖಾಲಿ ಮಾಡಿಸಿದ ದಿನ ಎಲ್ಲರೂ ಅಂಗಡಿ ಎತ್ತಬೇಕಾದಂತೆ ಇದು.

ಎಲ್ಲರೂ ಬಿಟ್ಟಿಯಾಗಿ ಬಳಸಬಹುದಾದ ಖಾಸಗಿ ವಿಳಾಸಗಳೂ ಇವೆ. ಮನೆ, ಅಂಗಡಿಗಳ ಒಳಜಾಲದಲ್ಲಿ ಬಳಕೆಯಾಗುವವು ಅವೇ. ಆದರೆ ಅವನ್ನು ವಿನಿಮಯ ಕೇಂದ್ರದಲ್ಲಿ ಬಳಸಿದರೆ, ಅವೇ ವಿಳಾಸಗಳು ಸದಸ್ಯ ಕಂಪನಿಗಳ ಒಳಜಾಲದಲ್ಲಿಯೂ ಇರುವುದರಿಂದ ಗೊಂದಲವಾಗುತ್ತದೆ. ದೋಷ ಕಂಡುಬಂದಾಗ ಅದು ಯಾವ ಕೇಂದ್ರದಲ್ಲಿ ಆಯಿತೆಂದು ಹೊರಗಿನವರಿಗೆ ಪತ್ತೆಹಚ್ಚಲಾಗದು. ಆದುದರಿಂದಲೇ ವಿನಿಮಯ ಕೇಂದ್ರಕ್ಕೆ ಜಗತ್ತಿನಲ್ಲಿ ಬೇರೆ ಯಾರಿಗೂ ಇಲ್ಲದ, ಯಾವ ಸದಸ್ಯರಿಗೂ ಸೇರದ, ಸ್ವಂತ ವಿಳಾಸಗಳು ಬೇಕು ಎಂಬ ತತ್ತ್ವ ಎಲ್ಲೆಡೆ ಅಂಗೀಕೃತವಾಗಿದೆ.

ಹಂಚಿಕೆಯ ಕ್ರಮ

ಅಂತರಜಾಲದ ಆರಂಭದ ದಶಕಗಳಲ್ಲಿ ಇಂತಹ ಕೇಂದ್ರಗಳಿಗೆ ಬೇಕಾದ ವಿಳಾಸಗಳನ್ನು 198.32 ಎಂದು ಆರಂಭವಾಗುವ ಒಂದೇ ದೊಡ್ಡ ಗುಚ್ಛದಿಂದ ಅಮೆರಿಕದ ತಂತ್ರಜ್ಞ ಬಿಲ್ ಮ್ಯಾನಿಂಗ್ ಅವರ ನಿರ್ವಹಣೆಯಲ್ಲಿ ಹಂಚಲಾಗುತ್ತಿತ್ತು. ಮುಂದೆ ಈ ಹೊಣೆಯನ್ನು ಖಂಡವಾರು ನೋಂದಣಿ ಸಂಸ್ಥೆಗಳು ವಹಿಸಿಕೊಂಡವು. ಇಂದು ಇಂತಹ ಐದು ಸಂಸ್ಥೆಗಳಿವೆ. ಭಾರತವು ಏಷ್ಯಾ ಪೆಸಿಫಿಕ್ ವಲಯದ 'ಎಪಿನಿಕ್' ಸಂಸ್ಥೆಯ ವ್ಯಾಪ್ತಿಗೆ ಬರುತ್ತದೆ. 1993ರಲ್ಲಿ ಟೋಕಿಯೊದಲ್ಲಿ ಆರಂಭವಾದ ಈ ಸಂಸ್ಥೆ 1998ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿಗೆ ಸ್ಥಳಾಂತರಗೊಂಡಿತು. ವಿನಿಮಯ ಕೇಂದ್ರಗಳಿಗೆಂದೇ ಅದು 218.100 ಎಂದು ಆರಂಭವಾಗುವ ಗುಚ್ಛವನ್ನು ಬೇರೆಯಾಗಿ ಇರಿಸಿತು. 2012ರಲ್ಲಿ ನಿಕ್ಸಿಯ ಆಶ್ರಯದಲ್ಲಿ 'ಐರಿನ್' ಎಂಬ ರಾಷ್ಟ್ರೀಯ ನೋಂದಣಿ ಸಂಸ್ಥೆ ಆರಂಭವಾದ ಮೇಲೆ ಭಾರತೀಯ ಸಂಸ್ಥೆಗಳು ವಿಳಾಸಗಳನ್ನು ದೇಶದೊಳಗೇ ಪಡೆಯುವಂತಾಯಿತು.

ವಿನಿಮಯ ಕೇಂದ್ರವೆಂದು ಹೇಳಿಕೊಂಡ ಮಾತ್ರಕ್ಕೆ ವಿಳಾಸ ಸಿಗುವುದಿಲ್ಲ. ಎಪಿನಿಕ್ ನೀತಿಯ ಪ್ರಕಾರ, ಕನಿಷ್ಠ ಮೂರು ಸ್ವತಂತ್ರ ಜಾಲಗಳನ್ನು ಕೂಡಿಸುವ ವ್ಯವಸ್ಥೆ ಮಾತ್ರ ವಿನಿಮಯ ಕೇಂದ್ರ ಎನಿಸುತ್ತದೆ. ಎರಡು ಜಾಲಗಳು ಕೂಡಲು ಒಂದು ತಂತಿ ಸಾಕು, ಪ್ರಾಂಗಣ ಬೇಕಿಲ್ಲ. ಯುರೋಪಿನ ನೋಂದಣಿ ಸಂಸ್ಥೆ ಇನ್ನೊಂದು ಷರತ್ತನ್ನೂ ಸ್ಪಷ್ಟವಾಗಿ ಬರೆದಿದೆ. ಹೊಸಬರು ಸೇರಲು ಅನುವಾಗುವ ಮುಕ್ತವಾದ, ಪ್ರಕಟವಾದ ನಿಯಮಾವಳಿ ಇರಬೇಕು ಎಂಬುದೇ ಆ ಷರತ್ತು. ಅಂದರೆ ನಾಲ್ವರು ಒಳಗೆ ಸೇರಿಕೊಂಡು ಐದನೆಯವರಿಗೆ ಬಾಗಿಲು ಹಾಕುವ ಕೂಟಕ್ಕೆ ಸಾರ್ವಜನಿಕ ಮೀಸಲಿನಿಂದ ವಿಳಾಸ ದೊರೆಯದು.

ಬರಗಾಲದಲ್ಲಿಯೂ ಉಳಿದ ಮೀಸಲು

ಈ ಮೀಸಲಿನ ಮಹತ್ವ ತಿಳಿಯಬೇಕಾದರೆ ವಿಳಾಸಗಳ ಬರಗಾಲವನ್ನು ಅರಿಯಬೇಕು. ಬಹುಕಾಲದಿಂದ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ. ಜಾಗತಿಕ ಕೋಶದಲ್ಲಿ ಉಳಿದಿದ್ದ ಕೊನೆಯ ಐದು ದೊಡ್ಡ ಗುಚ್ಛಗಳನ್ನು 2011ರ ಫೆಬ್ರವರಿ 3ರಂದು ಐದು ಸಂಸ್ಥೆಗಳಿಗೆ ಹಂಚಿದಾಗ ಕೋಶ ಬರಿದಾಯಿತು. ಅದೇ ವರ್ಷದ ಏಪ್ರಿಲ್ 15ರಂದು ಎಪಿನಿಕ್ ತನ್ನ ಕೊನೆಯ ಗುಚ್ಛಕ್ಕೆ ಕೈಹಾಕಿ, ಪ್ರತಿ ಸದಸ್ಯರಿಗೂ ಪಡಿತರದ ರೀತಿ ವಿತರಣೆ ಆರಂಭಿಸಿತು. 2019ರಿಂದ ಆ ಪಡಿತರ ಗರಿಷ್ಠ 512 ವಿಳಾಸಗಳಿಗೆ ಇಳಿಯಿತು.

ಕೊರತೆ ಬಂದಲ್ಲಿ ಬೆಲೆ ಬರುತ್ತದೆ. 2011ರಲ್ಲಿ ದಿವಾಳಿಯಾದ ನಾರ್ಟೆಲ್ ಕಂಪನಿಯ 6,66,624 ವಿಳಾಸಗಳನ್ನು ಮೈಕ್ರೋಸಾಫ್ಟ್ 75 ಲಕ್ಷ ಡಾಲರಿಗೆ ಕೊಂಡಿತು. ವಿಳಾಸವೊಂದಕ್ಕೆ ಬಿದ್ದ ಬೆಲೆ ಸುಮಾರು 11 ಡಾಲರ್. 2021ರ ಕೊನೆಯ ಹೊತ್ತಿಗೆ ಅದು 50 ಡಾಲರಿನ ಆಸುಪಾಸಿಗೆ ಏರಿತ್ತು. ಆ ದರದಲ್ಲಿ 256 ವಿಳಾಸಗಳ ಗುಚ್ಛವೊಂದಕ್ಕೆ ಸುಮಾರು 12,800 ಡಾಲರ್ ತೆರಬೇಕು. ಸಣ್ಣ ಊರಿನ ಕೇಬಲ್ ಉದ್ಯಮಿಗಳ ಕೂಟಕ್ಕೆ ಇದು ಹಗುರವಾದ ಹೊರೆಯಲ್ಲ.

ಈ ಕಾರಣದಿಂದಲೇ ನೋಂದಣಿ ಸಂಸ್ಥೆಗಳು ವಿನಿಮಯ ಕೇಂದ್ರಗಳ ಪಾಲನ್ನು ಮಾರುಕಟ್ಟೆಯ ಕೈಗೆ ಬಿಡಲಿಲ್ಲ. ಯುರೋಪಿನ ಸಂಸ್ಥೆ 65,536 ವಿಳಾಸಗಳನ್ನು ಮೀಸಲಿಟ್ಟು, 2019ರಲ್ಲಿ ಆ ಮೀಸಲನ್ನು ಇಮ್ಮಡಿಗೊಳಿಸಿತು. ಅದೇ ವರ್ಷದ ನವೆಂಬರ್ 25ರಂದು ಅಲ್ಲಿನ ಸಾಮಾನ್ಯ ವಿಳಾಸಗಳು ಮುಗಿದರೂ ಹೊಸ ವಿನಿಮಯ ಕೇಂದ್ರಗಳಿಗೆ ಬಾಗಿಲು ತೆರೆದೇ ಇತ್ತು. ಆದರೆ ಮೀಸಲಿನ ವಿಳಾಸಗಳನ್ನು ಸದಸ್ಯರು ಕೂಡುವ ಜಾಲಕ್ಕಲ್ಲದೆ ಬೇರೆ ಯಾವುದಕ್ಕೂ ಬಳಸುವಂತಿಲ್ಲ. ಬರಗಾಲಕ್ಕೆಂದು ಕಾದಿರಿಸಿದ ಬಿತ್ತನೆಯ ಬೀಜವನ್ನು ಅಡುಗೆಗೆ ಬಳಸದಿರುವ ವಿವೇಕ ಇಲ್ಲಿ ಕೆಲಸ ಮಾಡಿದೆ.

ಬೇಕಾಗುವ ಪ್ರಮಾಣವೂ ಅಲ್ಪ. 256 ವಿಳಾಸಗಳ ಗುಚ್ಛದಲ್ಲಿ ಬಳಸಬಹುದಾದವು 254, 64ರ ಗುಚ್ಛದಲ್ಲಿ 62. ಜಿಲ್ಲಾ ಮಟ್ಟದ ಕೇಂದ್ರಕ್ಕೆ ಎರಡನೆಯದೇ ಧಾರಾಳವಾಗಿ ಸಾಲುತ್ತದೆ. ಆರನೆಯ ಆವೃತ್ತಿಯ ವಿಳಾಸಗಳಿಗಂತೂ ಕೊರತೆಯೇ ಇಲ್ಲ.

ಕೀನ್ಯಾದ ಪಾಠ

ವಿಳಾಸವಿದ್ದು, ಯಂತ್ರವಿದ್ದು, ಸದಸ್ಯರಿದ್ದೂ ಕೇಂದ್ರ ನಿಲ್ಲದಿರಬಹುದು ಎಂಬುದಕ್ಕೆ ಕೀನ್ಯಾ ದೇಶದ ಅನುಭವ ಸಾಕ್ಷಿ. ಅಲ್ಲಿನ ಸೇವಾದಾರರು 2000ದ ನವೆಂಬರಿನಲ್ಲಿ ನೈರೋಬಿಯಲ್ಲಿ ವಿನಿಮಯ ಕೇಂದ್ರ ತೆರೆದರು. ಅಂತರರಾಷ್ಟ್ರೀಯ ಸಂಪರ್ಕದ ಏಕಸ್ವಾಮ್ಯ ಹೊಂದಿದ್ದ ಸರ್ಕಾರಿ ದೂರವಾಣಿ ಕಂಪನಿ ಇದಕ್ಕೆ ಆಕ್ಷೇಪಣೆ ಸಲ್ಲಿಸಿತು. ಕೆಲವೇ ವಾರಗಳಲ್ಲಿ ನಿಯಂತ್ರಣ ಪ್ರಾಧಿಕಾರ ಕೇಂದ್ರವನ್ನು ಮುಚ್ಚಿಸಿತು. ಸೇವಾದಾರರು ಹೋರಾಡಿ, ಪರವಾನಗಿ ಪಡೆದು, 2002ರ ಫೆಬ್ರವರಿಯಲ್ಲಿ ಅದನ್ನು ಮತ್ತೆ ತೆರೆದರು. ಮಾಹಿತಿಯ ಸುತ್ತು ಪ್ರಯಾಣದಿಂದ ಲಾಭ ಪಡೆಯುವವರು ಇರುವವರೆಗೆ ನೇರ ದಾರಿಗೆ ಅಡ್ಡಿಯೂ ಇರುತ್ತದೆ.

ನಮ್ಮಲ್ಲಿಯೂ ನಿಯಮಗಳು ಸದಸ್ಯರ ಉತ್ಸಾಹವನ್ನು ಕುಗ್ಗಿಸಿದ್ದುಂಟು. ನಿಕ್ಸಿಯ ಮೊದಲ ವರ್ಷಗಳಲ್ಲಿ, ಕೊಟ್ಟುದಕ್ಕಿಂತ ಹೆಚ್ಚು ಮಾಹಿತಿ ತರಿಸಿಕೊಂಡ ಜಾಲವು ಆ ವ್ಯತ್ಯಾಸಕ್ಕೆ ಹಣ ತೆರಬೇಕೆಂಬ ಕ್ರಮವಿತ್ತು. ಮನೆ, ಅಂಗಡಿಗಳಿಗೆ ಸಂಪರ್ಕ ಕೊಡುವ ಸಣ್ಣ ಸೇವಾದಾರರು ಸ್ವಭಾವತಃ ತರಿಸಿಕೊಳ್ಳುವವರೇ ಆದುದರಿಂದ ಹೊರೆ ಅವರ ಮೇಲೆ ಬೀಳುತ್ತಿತ್ತು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2022ರ ನವೆಂಬರಿನಲ್ಲಿ ಸಲ್ಲಿಸಿದ ಶಿಫಾರಸಿನಲ್ಲಿ ವಿನಿಮಯ ಕೇಂದ್ರಗಳಿಗೆ ಪ್ರತ್ಯೇಕ ಅಧಿಕೃತಿ ವ್ಯವಸ್ಥೆ ಇರಬೇಕೆಂದು ಹೇಳಿದುದು ಈ ಹಿನ್ನೆಲೆಯಲ್ಲಿ ಮಹತ್ವದ್ದು.

ಜಿಲ್ಲೆಯ ವರ್ತಕರಿಗೆ ಇದರಿಂದೇನು?

ಉತ್ಪ್ರೇಕ್ಷೆಗೆ ಇಲ್ಲಿ ಎಡೆಯಿಲ್ಲ. ಬೆಳಕು ಆಪ್ಟಿಕಲ್ ಫೈಬರಿನಲ್ಲಿ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಸಾಗುತ್ತದೆ. ಬೆಂಗಳೂರಿಗೆ ಹೋಗಿ ಬರಲು ತಂತಿಯಲ್ಲಿ ತಗಲುವ ಸಮಯ ಸೆಕೆಂಡಿನ ಸಾವಿರದ ಮೂರು ಭಾಗವಷ್ಟೆ. ಆದ್ದರಿಂದ ಜಿಲ್ಲಾ ಕೇಂದ್ರವೊಂದು ವೇಗದಲ್ಲಿ ಪವಾಡ ಮಾಡುವುದಿಲ್ಲ. ಜಿ.ಎಸ್.ಟಿ. ಜಾಲತಾಣ, ಇ-ವೇ ಬಿಲ್, ಬ್ಯಾಂಕಿನ ವ್ಯವಹಾರಗಳು ಊರ ಹೊರಗಿನ ಸರ್ವರ್‌ಗಳಲ್ಲಿರುವುದರಿಂದ ಹೊರಗಿನ ಸಂಪರ್ಕ ಹೇಗೂ ಬೇಕು.

ಲಾಭ ಬೇರೆಡೆ ಇದೆ. ಸ್ಥಳೀಯ ಸೇವಾದಾರರು ಮೇಲಿನ ಕಂಪನಿಯಿಂದ ಸಂಪರ್ಕ ಸಾಮರ್ಥ್ಯವನ್ನು ಸಗಟು ದರದಲ್ಲಿ ಕೊಳ್ಳುತ್ತಾರೆ. ಕುರುಗೋಡಿನ ಗೋದಾಮಿನ ಕ್ಯಾಮೆರಾ ದೃಶ್ಯ ಬಳ್ಳಾರಿಯ ಅಂಗಡಿಗೆ ಬರುವಾಗಲೂ, ಜೀನ್ಸ್ ಘಟಕದ ಮಾದರಿ ಚಿತ್ರಗಳು ಊರಿನ ಇನ್ನೊಂದು ಬಡಾವಣೆಗೆ ಹೋಗುವಾಗಲೂ ಆ ಸಗಟು ಮೀಟರು ಓಡುತ್ತದೆ. ಸ್ಥಳೀಯ ವಿನಿಮಯವಿದ್ದರೆ ಅಷ್ಟು ಮಾಹಿತಿ ಮೀಟರಿನಿಂದ ಹೊರಗುಳಿಯುತ್ತದೆ. ಸದಸ್ಯರ ಸಂಖ್ಯೆ ಬೆಳೆದಂತೆ ದೊಡ್ಡ ಕಂಪನಿಗಳು ಜನಪ್ರಿಯ ದೃಶ್ಯ, ತಂತ್ರಾಂಶಗಳ ಪ್ರತಿಗಳನ್ನು ಅಲ್ಲಿಯೇ ಇರಿಸಲು ಮುಂದಾಗುತ್ತವೆ. ಹೊರಗಿನ ಕೇಬಲ್ ತುಂಡಾದ ದಿನವೂ ಜಿಲ್ಲೆಯೊಳಗಿನ ಸಂಪರ್ಕ ಉಳಿಯುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ, ಸಣ್ಣ ಸೇವಾದಾರರಿಗೆ ಒಬ್ಬ ಸಗಟುದಾರರನ್ನೇ ನಂಬಿ ಕೂರುವ ಅನಿವಾರ್ಯತೆ ತಪ್ಪುತ್ತದೆ. ಇಬ್ಬರು ಮೂವರು ಸೇವಾದಾರರು ಬದುಕಿರುವ ಊರಿನಲ್ಲಿ ವರ್ತಕರಿಗೆ ದರ ಕೇಳುವ ಶಕ್ತಿ ಇರುತ್ತದೆ.

ನಿಜವಾದ ಅಡಚಣೆ ಇರುವುದು ಸ್ವತಂತ್ರ ಜಾಲಗಳ ಸಂಖ್ಯೆಯಲ್ಲಿ. ಸಣ್ಣ ಊರುಗಳ ಅನೇಕ ಕೇಬಲ್ ಉದ್ಯಮಿಗಳು ದೊಡ್ಡ ಕಂಪನಿಯ ವಿಳಾಸಗಳನ್ನೇ ಹಂಚುವ ಉಪ ಮಾರಾಟಗಾರರು. ಅವರಿಗೆ ಸ್ವಂತ ಎ.ಎಸ್. ಸಂಖ್ಯೆ ಇರುವುದಿಲ್ಲ. ಸ್ವಂತ ಸಂಖ್ಯೆ ಇಲ್ಲದವರನ್ನು ವಿನಿಮಯ ಕೇಂದ್ರದ ಲೆಕ್ಕಕ್ಕೆ ಹಿಡಿಯಲಾಗದು. ಒಂದು ಊರಿನಲ್ಲಿ ಹತ್ತು ಫಲಕಗಳಿದ್ದರೂ ಹಿಂದಿರುವ ಜಾಲ ಒಂದೇ ಆಗಿದ್ದರೆ ಮೂರರ ಷರತ್ತು ಪೂರೈಸುವುದಿಲ್ಲ. 2013ರಲ್ಲಿ ಬಂದ ಏಕೀಕೃತ ಪರವಾನಗಿ ವ್ಯವಸ್ಥೆಯಲ್ಲಿ ಸಣ್ಣ ಪ್ರದೇಶಕ್ಕೆ ಸೀಮಿತವಾದ 'ಸಿ' ವರ್ಗದ ಅಂತರಜಾಲ ಪರವಾನಗಿಗೂ ಅವಕಾಶ ಕಲ್ಪಿಸಲಾಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ವರ್ತಕರು ತಮ್ಮ ಸೇವಾದಾರರನ್ನು ಈ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು:

1. ತಮಗೆ ಸ್ವಂತ ಎ.ಎಸ್. ಸಂಖ್ಯೆಯೂ ಸ್ವಂತ ವಿಳಾಸಗಳೂ ಇವೆಯೆ?
2. ತಾವು ಯಾವ ವಿನಿಮಯ ಕೇಂದ್ರದ ಸದಸ್ಯರು, ಅದು ಯಾವ ಊರಿನಲ್ಲಿದೆ?
3. ಜಿಲ್ಲೆಯ ಇತರ ಸೇವಾದಾರರ ಗ್ರಾಹಕರನ್ನು ತಲುಪಲು ಮಾಹಿತಿ ಯಾವ ದಾರಿ ಹಿಡಿಯುತ್ತದೆ?
4. ಹೊರಗಿನ ಕೇಬಲ್ ಕಡಿದರೆ ಊರೊಳಗಿನ ಸಂಪರ್ಕ ಉಳಿಯುತ್ತದೆಯೆ?

ಮೂರನೆಯ ಪ್ರಶ್ನೆಯ ಉತ್ತರವನ್ನು ವಿಂಡೋಸ್ ಗಣಕಯಂತ್ರದಲ್ಲಿರುವ 'ಟ್ರೇಸರ್ಟ್' ಆದೇಶದಿಂದ ಬಹುಮಟ್ಟಿಗೆ ಪರೀಕ್ಷಿಸಬಹುದು. ಮಾಹಿತಿ ಹಾದುಹೋಗುವ ನಿಲ್ದಾಣಗಳ ವಿಳಾಸಗಳು ಸಾಲಾಗಿ ಕಾಣುತ್ತವೆ. ವಿನಿಮಯ ಕೇಂದ್ರದ ವಿಳಾಸವೂ ಆ ಸಾಲಿನಲ್ಲಿ ಅನೇಕ ವೇಳೆ ಕಾಣಸಿಗುತ್ತದೆ.

ಪ್ರತಿಸ್ಪರ್ಧಿಗಳು ಒಂದೇ ಮೇಜಿನ ಸುತ್ತ ಕುಳಿತುಕೊಳ್ಳಲು ತಟಸ್ಥವಾದ ಸ್ಥಳ ಬೇಕು. ವಾಣಿಜ್ಯ ಸಂಸ್ಥೆಗಳು ಹುಟ್ಟಿದ್ದೇ ಇಂತಹ ಕೆಲಸಕ್ಕೆ. ಯಾವ ಸೇವಾದಾರರ ಪಕ್ಷವನ್ನೂ ವಹಿಸದೆ ಎಲ್ಲರನ್ನೂ ಕರೆದು ಕೂರಿಸಿ, ಸೇರ್ಪಡೆಯ ನಿಯಮಗಳನ್ನು ಬರೆಯಿಸಿ, ನಿಕ್ಸಿಯ ಮುಂದೆ ಒಟ್ಟಾಗಿ ಬೇಡಿಕೆ ಇಡುವ ಕಾರ್ಯವನ್ನು ಅವು ನಿರ್ವಹಿಸಬಹುದು. ವಿಳಾಸಗಳು ಮೀಸಲಿನಲ್ಲಿವೆ, ಯಂತ್ರಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಹಣ ಕೊಟ್ಟು ತರಲಾಗದ ವಸ್ತು ಒಂದೇ: ಮೂವರು ಸ್ಪರ್ಧಿಗಳ ನಡುವಿನ ಒಪ್ಪಂದ. ಆ ಒಪ್ಪಂದಕ್ಕೆ ಸೇವಾದಾರರನ್ನು ಒಡಂಬಡಿಸುವ ಶಕ್ತಿ ಪ್ರತಿ ತಿಂಗಳೂ ಅವರ ಬಿಲ್ಲು ಪಾವತಿಸುವ ಗ್ರಾಹಕರ ಕೈಯಲ್ಲಿದೆ.